ಇತಿಹಾಸದ ಒಂದೂವರೆ ಸಾವಿರ ಪ್ರಶ್ನೋತ್ತರ: ಪೆನ್ಸಿಲ್ ಹಿಡಿದು ಓದಿದ ಒಂದು ಗೈಡು

ತಂಗಿಯ ಮಗಳು ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಳೆ. ಚಿತ್ರದುರ್ಗದ ಬಸ್ ನಿಲ್ದಾಣದ ಹತ್ತಿರ 240 ರೂಪಾಯಿ ಕೊಟ್ಟು ಇತಿಹಾಸದ ಗೈಡೊಂದನ್ನು ತಂದು, "ದೊಡ್ಡಮ್ಮ, ನೀನೊಮ್ಮೆ ನೋಡಿಕೊಡು, ಆಮೇಲೆ ಬಾಯಿಪಾಠ ಮಾಡುತ್ತೇನೆ" ಎಂದು ನನ್ನ ಕೈಗಿಟ್ಟಳು. ಪ್ರೌಢಶಾಲೆಯಲ್ಲಿ 29 ವರ್ಷ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ಹನ್ನೆರಡು ದಿನ ಬೆಳಗಿನ ಹೊತ್ತು ಕೂತು, ಪೆನ್ಸಿಲ್ ಹಿಡಿದು, ಒಂದೂವರೆ ಸಾವಿರ ಪ್ರಶ್ನೆಗಳನ್ನೂ ಓದಿದೆ. ತಪ್ಪು ಕಂಡಲ್ಲೆಲ್ಲ ಪ್ರಕಾಶಕರಿಗೆ ಪತ್ರ ಬರೆದಿದ್ದೇನೆ. ಮುಂದಿನ ಮುದ್ರಣದಲ್ಲಿ ಅವರು ತಿದ್ದಿಕೊಳ್ಳಲಿ ಎಂದು ಪುಸ್ತಕದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಗೈಡುಗಳು ನಮ್ಮ ಮಕ್ಕಳ ಕೈಯಲ್ಲಿ ಹತ್ತಾರು ಇವೆ. ನಾನು ಹೇಳುವುದು ಬೇರೆ ಗೈಡು ಕೊಂಡವರಿಗೂ ಉಪಯೋಗಕ್ಕೆ ಬಂದೀತು.

ಅಚ್ಚು ಚೆನ್ನಾಗಿದೆ, ಕಾಗದ ತೆಳು, ಹೊಲಿಗೆ ಗಟ್ಟಿ. ಉತ್ತರಗಳನ್ನು ಪುಸ್ತಕದ ಕೊನೆಗೆ ತಳ್ಳದೆ ಅದೇ ಪುಟದ ಅಡಿಯಲ್ಲಿ ಕೊಟ್ಟಿದ್ದಾರೆ. ಹಾಳೆ ಮಡಚಿ ಉತ್ತರ ಮುಚ್ಚಿಕೊಂಡು ತಾನೇ ಪರೀಕ್ಷೆ ಮಾಡಿಕೊಳ್ಳಬಹುದು. ಹುಡುಗಿಗೆ ಇದು ಬಹಳ ಹಿಡಿಸಿತು.

ನನಗೆ ಹಿಡಿಸಿದ್ದು ಬಾದಾಮಿ ಚಾಲುಕ್ಯರ ಭಾಗ. "ಐಹೊಳೆ ಶಾಸನವನ್ನು ಬರೆದವರು ಯಾರು?" ಎಂಬ ಪ್ರಶ್ನೆಗೆ ರವಿಕೀರ್ತಿ ಎಂದಷ್ಟೇ ಬರೆದು ಮುಗಿಸಬಹುದಿತ್ತು. ಇವರು ಹಾಗೆ ಮಾಡಿಲ್ಲ. ಅದು ಮೇಗುತಿ ಜಿನಾಲಯದ ಗೋಡೆಯಲ್ಲಿದೆ, ಶಕವರ್ಷ 556, ಅಂದರೆ ಕ್ರಿ.ಶ. 634-35 ಎಂದು ಕೊಟ್ಟು, ಎರಡನೆಯ ಪುಲಕೇಶಿ ಹರ್ಷವರ್ಧನನನ್ನು ತಡೆದದ್ದನ್ನು ಹೇಳುವ "ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ" ಎಂಬ ಸಾಲನ್ನೂ ಅರ್ಥಸಹಿತ ಅಚ್ಚುಮಾಡಿದ್ದಾರೆ. ಹರ್ಷ ಎಂಬ ದೊರೆಯ ಹರ್ಷವೇ ಭಯದಿಂದ ಕರಗಿಹೋಯಿತು! ಇದನ್ನು ಒಮ್ಮೆ ಕೇಳಿದ ಹುಡುಗ ಪುಲಕೇಶಿಯನ್ನೂ ಮರೆಯುವುದಿಲ್ಲ, ರವಿಕೀರ್ತಿಯನ್ನೂ ಮರೆಯುವುದಿಲ್ಲ. ತರಗತಿಯಲ್ಲಿ ಈ ಸಾಲು ಹೇಳಿದಾಗ ಹಿಂದಿನ ಬೆಂಚಿನ ಮಕ್ಕಳೂ ತಲೆಯೆತ್ತುತ್ತಿದ್ದರು. ಅದೇ ಶಾಸನದಲ್ಲಿ ರವಿಕೀರ್ತಿ ಕಾಳಿದಾಸನ ಮತ್ತು ಭಾರವಿಯ ಹೆಸರು ಹೇಳುವುದರಿಂದ ಆ ಕವಿಗಳ ಕಾಲ ಗೊತ್ತುಮಾಡಲು ಅದು ಆಧಾರವಾಗಿದೆ ಎಂಬ ಮಾತನ್ನೂ ಸೇರಿಸಿದ್ದರೆ ಆ ಪುಟಕ್ಕೆ ಕೊರತೆಯೇ ಇರುತ್ತಿರಲಿಲ್ಲ.

ಇಷ್ಟು ಶ್ರದ್ಧೆ ಎಲ್ಲ ಭಾಗಗಳಲ್ಲೂ ಇಲ್ಲದಿರುವುದೇ ನನ್ನ ದೂರು.

"ಅಶೋಕನ ಹೆಸರಿರುವ ಏಕೈಕ ಶಾಸನ ಯಾವುದು?" ಎಂದು ಕೇಳಿ ಮಸ್ಕಿ ಎಂದು ಉತ್ತರಿಸಿದ್ದಾರೆ. ಮಸ್ಕಿ ಸರಿ, "ಏಕೈಕ" ತಪ್ಪು. ಉಳಿದೆಡೆ ಹೆಚ್ಚಾಗಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳಷ್ಟೇ ಕಾಣುತ್ತಿದ್ದವು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಎಂಬುದಕ್ಕೆ ಶಿಲೆಯ ಸಾಕ್ಷಿ ಒದಗಿದ್ದು ಆಗ. ಆದರೆ ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೋಳದಲ್ಲಿ ಸಿಕ್ಕ ಶಾಸನಗಳಲ್ಲೂ ಆ ಹೆಸರಿದೆ. "ಮೊಟ್ಟಮೊದಲು ಸಿಕ್ಕ" ಎಂದು ಎರಡು ಪದ ಬದಲಿಸಿದರೆ ಪ್ರಶ್ನೆ ಶುದ್ಧವಾಗುತ್ತದೆ. ಹಿಂದೆ ಅಚ್ಚಾದ ಗೈಡಿನಿಂದ ಮುಂದಿನ ಗೈಡಿಗೆ ಇಳಿದುಬಂದ ತಪ್ಪು ಇದು. ನನ್ನ ಸೇವಾವಧಿಯ ಮೊದಲ ವರ್ಷಗಳಲ್ಲಿ ಕೈಗೆ ಬಂದ ಪುಸ್ತಕವೊಂದರಲ್ಲೂ ಹೀಗೇ ಇತ್ತು.

ಅದೇ ಪುಟದಲ್ಲಿ ಬ್ರಹ್ಮಗಿರಿಗೆ ಒಂದೇ ಸಾಲು: "ಚಿತ್ರದುರ್ಗ ಜಿಲ್ಲೆಯಲ್ಲಿರುವ ಅಶೋಕನ ಶಾಸನ." ಇದನ್ನು ಓದಿದ ಭಾನುವಾರವೇ ಹುಡುಗಿಯನ್ನು ಮೊಳಕಾಲ್ಮೂರು ಬಸ್ಸು ಹತ್ತಿಸಿದೆ. ಊರಿನವರು ಅಕ್ಷರಗುಂಡು ಎನ್ನುವ ಆ ಬಂಡೆಯ ಮುಂದೆ ನಿಂತು, ಸುವರ್ಣಗಿರಿಯಿಂದ ಆರ್ಯಪುತ್ರನು, ಅಂದರೆ ರಾಜಕುಮಾರನು, ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದು ಎಂದು ಹೇಳಿದೆ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ತನ್ನನ್ನು ಲಿಪಿಕಾರ ಎಂದು ಕರೆದುಕೊಂಡಿದ್ದಾನೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದ್ದರೆ "ಲಿಪಿಕರೇಣ" ಎಂಬ ಆ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿದೆ. ಖರೋಷ್ಠಿ ವಾಯವ್ಯ ಗಡಿನಾಡಿನ ಲಿಪಿ. ಅದನ್ನು ಬಲ್ಲ ಕೈಯೊಂದು ನಮ್ಮ ಮೊಳಕಾಲ್ಮೂರಿನ ಸೀಮೆಯವರೆಗೆ ಬಂದು ಕೆಲಸ ಮಾಡಿ ತನ್ನ ಗುರುತು ಬಿಟ್ಟುಹೋಗಿದೆ. "ದೊಡ್ಡಮ್ಮ, ಅವನ ಊರು ಯಾವುದಿರಬಹುದು?" ಎಂದು ಹುಡುಗಿ ಕೇಳಿದಳು. ಗೈಡಿನ ಆ ಒಂದು ಸಾಲು ಓದಿದಾಗ ಅವಳು ಏನನ್ನೂ ಕೇಳಿರಲಿಲ್ಲ.

ಕದಂಬರ ಭಾಗದಲ್ಲಿ ಸ್ಥಾಪಕನ ಹೆಸರನ್ನು ಮಯೂರವರ್ಮ ಎಂದೇ ಎಲ್ಲೆಡೆ ಬರೆದಿದ್ದಾರೆ. ಜನರ ಬಾಯಲ್ಲಿರುವುದು ಆ ಹೆಸರೇ, ಒಪ್ಪುತ್ತೇನೆ. ಆದರೆ ಕುಬ್ಜ ಕವಿ ರಚಿಸಿದ ತಾಳಗುಂದದ ಸ್ತಂಭಶಾಸನ ಅವನನ್ನು ಮಯೂರಶರ್ಮ ಎನ್ನುತ್ತದೆ. ನಮ್ಮ ದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲಿನ ಕೆರೆಯ ಶಾಸನವೂ ಪ್ರಾಕೃತದಲ್ಲಿ ಅದನ್ನೇ ಹೇಳುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡೂ ರೂಪ ಬಂದರೆ ಗೈಡು ನಂಬಿದ ಮಗು ಏನು ಮಾಡಬೇಕು? ಉತ್ತರ ತಪ್ಪಿದರೆ ಕಾಲು ಅಂಕ ಕಳೆಯುವ ಪರೀಕ್ಷೆಗಳಿವೆ.

ಹಲ್ಮಿಡಿಯ ಪ್ರಶ್ನೆಯಲ್ಲಿ ಮಾತ್ರ ಎಚ್ಚರ ವಹಿಸಿದ್ದಾರೆ. ಕನ್ನಡದ ಮೊದಲ ಶಾಸನ ಹಲ್ಮಿಡಿ, ಸುಮಾರು 450 ಎಂದು ಉತ್ತರ ಕೊಟ್ಟು, ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನ ಅದಕ್ಕೂ ಹಿಂದಿನದು, ಸುಮಾರು 370ರದು ಎಂಬ ಅಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿ ಸೇರಿಸಿದ್ದಾರೆ. ಹೀಗಿರಬೇಕು.

ಹುಡುಗಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಆಧುನಿಕ ಕರ್ನಾಟಕದ ಒಂದು ಪ್ರಶ್ನೆ: "ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?" ಗೈಡಿನ ಉತ್ತರ ಕೆ.ಸಿ. ರೆಡ್ಡಿ. ತರಬೇತಿ ಕೇಂದ್ರವೊಂದರ ಮಾದರಿ ಪರೀಕ್ಷೆಯಲ್ಲಿ "ಏಕೀಕರಣದ ನಂತರದ ಮೊದಲ ಮುಖ್ಯಮಂತ್ರಿ" ಎಂದು ಕೇಳಿದ್ದರು. ಅವಳು ಕಣ್ಣುಮುಚ್ಚಿ ರೆಡ್ಡಿಯವರಿಗೆ ಗುರುತು ಹಾಕಿ ಬಂದಳು. ಕೆ.ಸಿ. ರೆಡ್ಡಿಯವರು 1947ರಲ್ಲಿ ಹಳೆಯ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. 1956ರ ನವೆಂಬರ್ 1ರಂದು ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ ಎಲ್ಲ ಒಂದಾದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಆಗಲೂ ರಾಜ್ಯದ ಹೆಸರು ಮೈಸೂರೇ. 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂದಾಗ ಅಧಿಕಾರದಲ್ಲಿದ್ದವರು ದೇವರಾಜ ಅರಸು. ಮೂರು ವರ್ಷ, ಮೂರು ಹೆಸರು. ಪ್ರಶ್ನೆ ಯಾವುದನ್ನು ಕೇಳುತ್ತಿದೆ ಎಂದು ತಿಳಿಯದೆ ಉತ್ತರ ಕೊಡಲು ಬರುವುದಿಲ್ಲ. ದಾವಣಗೆರೆ ರಸ್ತೆಯಲ್ಲಿ ಸೀಬಾರದ ಬಳಿ ನಿಜಲಿಂಗಪ್ಪನವರ ಸಮಾಧಿಯಿದೆ. ಅದರ ಮುಂದೆಯೇ ಬಸ್ಸಿನಲ್ಲಿ ಹೋಗಿಬರುವ ಹುಡುಗಿ ಅವರನ್ನು ಬಿಟ್ಟು ಬಂದಳಲ್ಲ ಎಂದು ನನಗೆ ಸಂಕಟವಾಯಿತು.

ಉಳಿದವನ್ನು ಬೇಗ ಹೇಳುತ್ತೇನೆ. 1565ರ ಜನವರಿ 23ರ ತಾಳಿಕೋಟೆ ಯುದ್ಧದ ವೇಳೆ ವಿಜಯನಗರದ ದೊರೆ ರಾಮರಾಯ ಎಂದಿದ್ದಾರೆ. ಸಿಂಹಾಸನದಲ್ಲಿದ್ದವನು ಸದಾಶಿವರಾಯ, ಆಡಳಿತದ ಹಿಡಿತವಿದ್ದದ್ದು ಅಳಿಯ ರಾಮರಾಯನಿಗೆ. ರಕ್ಕಸಗಿ-ತಂಗಡಗಿ ಎಂಬ ಇನ್ನೊಂದು ಹೆಸರನ್ನು ಕೊಟ್ಟಿರುವುದು ಒಳ್ಳೆಯದು. ಓಬವ್ವ ಒನಕೆ ಹಿಡಿದದ್ದು ಟಿಪ್ಪುವಿನ ಸೈನ್ಯದ ವಿರುದ್ಧ ಎಂಬುದನ್ನು ಓದಿ ಪೆನ್ಸಿಲ್ ಬಿಟ್ಟು ಕೆಂಪು ಪೆನ್ನು ತೆಗೆದುಕೊಂಡೆ. ಮದಕರಿ ನಾಯಕನ ಮೇಲೆ ಬಂದವನು ಹೈದರಾಲಿ, ಕೋಟೆ ಅವನ ಕೈಸೇರಿದ್ದು 1779ರಲ್ಲಿ. ದುರ್ಗದಲ್ಲೇ ಮಾರುವ ಪುಸ್ತಕದಲ್ಲಿ ಈ ತಪ್ಪು ಇರಬಾರದು. ಆಂಗ್ಲೋ-ಮೈಸೂರು ಯುದ್ಧಗಳ ವರ್ಷಗಳು, ಕಿತ್ತೂರು, ಸಂಗೊಳ್ಳಿ ರಾಯಣ್ಣ, ಈಸೂರು, ವಿದುರಾಶ್ವತ್ಥದ ಭಾಗಗಳನ್ನು ನಾನು ಬೇರೆ ಪುಸ್ತಕಗಳೊಡನೆ ತಾಳೆ ನೋಡಿದೆ, ಸರಿಯಾಗಿವೆ.

ಹಾಗಾದರೆ ಕೊಳ್ಳಬೇಕೇ? ಕೊಳ್ಳಿ. ಈ ಬೆಲೆಗೆ ಇಷ್ಟು ಪ್ರಶ್ನೆ ಒಂದೆಡೆ ಸಿಗುವುದು ಕಷ್ಟ, ನಾನು ಗುರುತು ಹಾಕಿದ ತಪ್ಪುಗಳು ಒಟ್ಟು 23. ಆದರೆ ರಾಜ್ಯದ ಪಠ್ಯಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. "ಏಕೈಕ", "ಮೊದಲ", "ಅತಿ ದೊಡ್ಡ" ಎಂಬ ಪದ ಕಂಡ ಪ್ರಶ್ನೆಗಳನ್ನೆಲ್ಲ ಇನ್ನೊಂದು ಕಡೆ ಪರಿಶೀಲಿಸದೆ ಬಾಯಿಪಾಠ ಮಾಡಬೇಡಿ.

ಹುಡುಗಿ ಈಗ ಪ್ರತಿ ಉತ್ತರದ ಎದುರಿಗೆ ಅದು ಯಾವ ಶಾಸನದಿಂದ, ಯಾವ ಊರಿನಿಂದ ಬಂತು ಎಂದು ಸಣ್ಣಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಬ್ರಹ್ಮಗಿರಿಯ ಸಾಲಿನ ಪಕ್ಕದಲ್ಲಿ ಜಾಗ ಸಾಲದೆ, ಚಪಡನ ಹೆಸರನ್ನು ಪುಟದ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದಾಳೆ.