ಜೆಲ್ಲನ್ ಗಮ್: ಬುಗ್ಗೆಯ ಜೀವಿಯನ್ನು ಬೆಳೆಸುವುದಕ್ಕೆ ಸರಿ, ಅದರ ಮದ್ದನ್ನು ಅಳೆಯುವುದಕ್ಕೆ ಅಲ್ಲ

ಹಿಮಾಚಲ ಪ್ರದೇಶದ ಮಣಿಕರಣ್‌ನಲ್ಲಿ ಬಿಸಿನೀರಿನ ಬುಗ್ಗೆಗೆ ಪಾತ್ರೆ ಇಳಿಬಿಟ್ಟು ಅನ್ನ ಬೇಯಿಸುತ್ತಾರೆ. ಅಂಥ ಬುಗ್ಗೆಗಳ ಅಂಚಿನಲ್ಲಿ ಲೋಳೆಯ ಪದರವಾಗಿ ಬದುಕುವ ಬ್ಯಾಕ್ಟೀರಿಯಗಳು ನೆರೆಯ ಜೀವಿಗಳನ್ನು ದೂರವಿಡಲು ಏನನ್ನು ಸ್ರವಿಸುತ್ತವೆ, ಅದರಲ್ಲಿ ನಮಗೆ ಔಷಧವಾಗಬಲ್ಲದ್ದು ಇದೆಯೆ ಎಂದು ಹುಡುಕಲು ಹೊರಟವರಿಗೆ ಮೊದಲ ತೊಡಕು ಎದುರಾಗುವುದು ಪೆಟ್ರಿ ತಟ್ಟೆಯಲ್ಲಿಯೇ. ತಟ್ಟೆಯಲ್ಲಿ ಜೀವಿಗಳಿಗೆ ಆಹಾರವಾಗುವ ಮಾಧ್ಯಮವನ್ನು ಹೆಪ್ಪುಗಟ್ಟಿಸಲು ನಾವು ಬಳಸುವುದು ಅಗರ್, ಅಂದರೆ ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಎಂದು ಕರೆಯುವ ಕಡಲಪಾಚಿಯ ಸಾರ. ಅದು ಪೂರ್ತಿ ಕರಗುವುದು ಸುಮಾರು 85 ಡಿಗ್ರಿಯಲ್ಲಾದರೂ, 65 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಎರಡು ದಿನ ಇಟ್ಟರೆ ಮೆತ್ತಗಾಗಿ, ನೀರು ಬಿಟ್ಟು, ಕಾಲೊನಿಗಳೆಲ್ಲ (ಕಣ್ಣಿಗೆ ಕಾಣುವಷ್ಟು ಬೆಳೆದ ಬ್ಯಾಕ್ಟೀರಿಯದ ಗುಂಪುಗಳು) ಒಂದರೊಳಗೊಂದು ಹರಡಿಕೊಳ್ಳುತ್ತವೆ. ಇದಕ್ಕೆ ಪರಿಹಾರವೆಂದು ಮಾರಾಟವಾಗುವ ಜೆಲ್ಲನ್ ಗಮ್ ಎಂಬ ಬಿಳಿ ಪುಡಿಯನ್ನು ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಜೆಲ್‌ರೈಟ್, ಫೈಟಾಜೆಲ್ ಮುಂತಾದ ಹೆಸರುಗಳಲ್ಲಿ ಸಿಗುವ ಈ ಪುಡಿಯನ್ನು ಸಸ್ಯ ಅಂಗಾಂಶ ಕೃಷಿ ಮಾಡುವವರು ಚೆನ್ನಾಗಿ ಬಲ್ಲರು. ಸ್ಫಿಂಗೊಮೊನಾಸ್ ಎಂಬ ಬ್ಯಾಕ್ಟೀರಿಯವೇ ಇದನ್ನು ತಯಾರಿಸುತ್ತದೆ. ಒಂದು ಬ್ಯಾಕ್ಟೀರಿಯವನ್ನು ಬೆಳೆಸಲು ಇನ್ನೊಂದರ ಅಂಟನ್ನು ಹಾಸುವುದು ನನಗೆ ಈಗಲೂ ತಮಾಷೆಯಾಗಿಯೇ ತೋರುತ್ತದೆ.

ಬಿಸಿಯನ್ನು ತಡೆಯುವ ವಿಷಯದಲ್ಲಿ ಇದರ ಮೇಲೆ ದೂರು ಹೇಳುವಂಥದ್ದು ಏನೂ ಇಲ್ಲ. ಲೀಟರಿಗೆ 8 ಗ್ರಾಂ ಪುಡಿ, ಅದು ಹೆಪ್ಪುಗಟ್ಟಲು 1 ಗ್ರಾಂ ಮೆಗ್ನೀಸಿಯಮ್ ಕ್ಲೋರೈಡ್ ಹಾಕಿ ತಯಾರಿಸಿದ ತಟ್ಟೆ 70 ಡಿಗ್ರಿಯಲ್ಲಿ ಒಂದು ವಾರ ಗಟ್ಟಿಯಾಗಿ ನಿಂತಿದೆ. ಉಷ್ಣಪ್ರಿಯ ಜೀವಿಗಳಿಗೆ ಇದು ಒಗ್ಗುತ್ತದೆಂದು 1984ರಷ್ಟು ಹಿಂದೆಯೇ ತೋರಿಸಲಾಗಿತ್ತು. ತೂಕಕ್ಕೆ ತೂಕ ಹೋಲಿಸಿದರೆ ಅಗರ್‌ಗಿಂತ ದುಬಾರಿ, ಆದರೆ ಅರ್ಧದಷ್ಟೇ ಸಾಕಾಗುವುದರಿಂದ ವ್ಯತ್ಯಾಸ ಹೊರೆಯೆನಿಸುವುದಿಲ್ಲ. ಗಾಜಿನಂತೆ ತಿಳಿಯಾಗಿರುವುದರಿಂದ ಅಗರ್‌ನ ಮಬ್ಬಿನಲ್ಲಿ ಕಾಣದೆ ಹೋಗುತ್ತಿದ್ದ ಸೂಜಿಮೊನೆಯಷ್ಟು ಕಾಲೊನಿಗಳನ್ನು ಬೆಳಕಿಗೆ ಹಿಡಿದು ಗುರುತಿಸಬಹುದು. ಹೊಸ ಸಂಯುಕ್ತಗಳನ್ನು ಹುಡುಕುವವರಿಗೆ ಇದು ಸಣ್ಣ ಲಾಭವಲ್ಲ, ಏಕೆಂದರೆ ಬೇಗ ಬೆಳೆದು ತಟ್ಟೆಯನ್ನು ಆವರಿಸುವ ಜೀವಿಗಳನ್ನು ಎಲ್ಲರೂ ಈಗಾಗಲೇ ಪರೀಕ್ಷಿಸಿ ಮುಗಿಸಿದ್ದಾರೆ.

ಅಗರ್‌ನಲ್ಲಿ ಮೊಳೆಯದ ಕೆಲವು ಜೀವಿಗಳು ಜೆಲ್ಲನ್‌ನಲ್ಲಿ ಮೊಳೆಯುತ್ತವೆ ಎಂಬ ಮಾತೂ ನಿಜ. ಆದರೆ ಅದರ ಕೀರ್ತಿಯಲ್ಲಿ ಒಂದು ಪಾಲನ್ನು ಅಗರ್ ತಯಾರಿಸುವ ನಮ್ಮ ಅಭ್ಯಾಸದ ತಪ್ಪಿಗೆ ಕೊಡಬೇಕು. ಮಾಧ್ಯಮದ ಫಾಸ್ಫೇಟ್ ಲವಣ ಮತ್ತು ಅಗರ್ ಎರಡನ್ನೂ ಒಂದೇ ಬಾಟಲಿಯಲ್ಲಿ ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧಗೊಳಿಸಿದರೆ) ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಸೂಕ್ಷ್ಮ ಪ್ರಕೃತಿಯ ಜೀವಿಗಳನ್ನು ಕೊಲ್ಲುತ್ತದೆ ಎಂದು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದರು. ಎರಡನ್ನೂ ಬೇರೆ ಬೇರೆ ಆಟೋಕ್ಲೇವ್ ಮಾಡಿ ಆಮೇಲೆ ಬೆರೆಸುವುದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ; 50 ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವವರು ಮೊದಲು ಅದನ್ನು ಮಾಡಿ ನೋಡಲಿ. ಕರ್ನಾಟಕದ ಬಿಸಿನೀರಿನ ಬುಗ್ಗೆಯೆಂದು ಹೆಸರಾದ ಪುತ್ತೂರು ಬಳಿಯ ಬೆಂದ್ರು ತೀರ್ಥದ ನೀರು ಸುಮಾರು 40 ಡಿಗ್ರಿಯ ಆಸುಪಾಸಿನದು. ಅದಕ್ಕಾಗಿ ಜೆಲ್ಲನ್ ಕೊಳ್ಳುವುದು ಅನಗತ್ಯ ಖರ್ಚು.

ಕೈಗೆ ಒಗ್ಗಲು ಈ ಪುಡಿ ಕೆಲವು ದಿನ ಸತಾಯಿಸುತ್ತದೆ. ಲವಣಗಳು ಕರಗಿದ ನೀರಿಗೆ ಹಾಕಿದರೆ ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದಂತೆ ಗಂಟುಕಟ್ಟುತ್ತದೆ. ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಕದಡಿ, ಕಾಯಿಸಿ, ಆಮೇಲೆಯೇ ಲವಣಗಳನ್ನು ಬೆರೆಸಬೇಕು. ಬೆರೆಸಿದ ಮೇಲೆ ಮಾತಿಗೆ ನಿಂತರೆ ಬಾಟಲಿಯೊಳಗೇ ಹೆಪ್ಪುಗಟ್ಟಿ ಕೂರುತ್ತದೆ, ಮತ್ತೆ ಕಾಯಿಸಿದರೂ ಅಗರ್‌ನಂತೆ ಕರಗಿ ಬರುವುದಿಲ್ಲ. ಮಾಧ್ಯಮದಲ್ಲಿ ಸಿಟ್ರೇಟ್ ಅಥವಾ ಇಡಿಟಿಎ ಹೆಚ್ಚಾಗಿದ್ದರೆ ಅವು ಮೆಗ್ನೀಸಿಯಮನ್ನು ಕಟ್ಟಿಹಾಕುವುದರಿಂದ ಹೆಪ್ಪೇ ನಿಲ್ಲುವುದಿಲ್ಲ. ಹೆಪ್ಪುಗಟ್ಟಿದ ತಟ್ಟೆ ಬಿರುಸಾಗಿದ್ದು, ಲೂಪಿನಿಂದ (ಮಾದರಿ ಸವರುವ ತಂತಿಯ ಕುಣಿಕೆಯಿಂದ) ಗೆರೆ ಎಳೆದಾಗ ಸೀಳುತ್ತದೆ, ಸೀಳಿದಲ್ಲಿ ಗಿಣ್ಣು ಕೊಯ್ದಾಗ ಒಸರುವಂತೆ ನೀರು ಒಸರುತ್ತದೆ. ಗೆರೆ ಎಳೆಯುವ ಬದಲು ಮಾದರಿಯನ್ನು ಹನಿ ಹಾಕಿ ಗಾಜಿನ ಕಡ್ಡಿಯಿಂದ ಸವರುವುದು ಉತ್ತಮ.

ಇನ್ನು ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಉಷ್ಣಪ್ರಿಯ ಬ್ಯಾಕ್ಟೀರಿಯ 65 ಡಿಗ್ರಿಯಲ್ಲಿ ಬೆಳೆಯುತ್ತದೆ, ನಾವು ಕೊಲ್ಲಬೇಕೆಂದಿರುವ ರೋಗಾಣು 37 ಡಿಗ್ರಿಯಲ್ಲಿ ಬೆಳೆಯುತ್ತದೆ. ಆದ್ದರಿಂದ ಮೊದಲು ಬಿಸಿಯಲ್ಲಿ ಕಾಲೊನಿಯನ್ನು ಬೆಳೆಸಿ, ತಟ್ಟೆಯನ್ನು ತಣಿಸಿ, ಅದರ ಮೇಲೆ ರೋಗಾಣು ಬೆರೆಸಿದ ತೆಳು ಅಗರ್ ಪದರವನ್ನು ಸುರಿದು, ಮರುದಿನ ಯಾವ ಕಾಲೊನಿಯ ಸುತ್ತ ರೋಗಾಣು ಬೆಳೆಯದೆ ತಿಳಿಯಾದ ಉಂಗುರ ಮೂಡಿದೆ ಎಂದು ನೋಡುವುದು ಸಾಮಾನ್ಯ ಕ್ರಮ. ಜೆಲ್ಲನ್ ತಟ್ಟೆಯ ಮೇಲೆ ಈ ಉಂಗುರವನ್ನು ನಾನು ನಂಬುವುದಿಲ್ಲ. ಆಸ್ಪತ್ರೆಗಳಲ್ಲಿ ಪ್ರತಿಜೈವಿಕಗಳನ್ನು ಪರೀಕ್ಷಿಸುವ ಮ್ಯುಲರ್ ಹಿಂಟನ್ ದ್ರವ ಮಾಧ್ಯಮದಲ್ಲಿ ಮೆಗ್ನೀಸಿಯಮ್ ಲೀಟರಿಗೆ 10ರಿಂದ 12.5 ಮಿಲಿಗ್ರಾಂ ಇರಬೇಕೆಂಬ ಕಟ್ಟುನಿಟ್ಟಿನ ನಿಯಮವಿದೆ. ಜೆಲ್ಲನ್ ಹೆಪ್ಪುಗಟ್ಟಲೆಂದು ನಾವು ಹಾಕುವ 1 ಗ್ರಾಂ ಲವಣದಲ್ಲಿರುವ ಮೆಗ್ನೀಸಿಯಮ್ ಸುಮಾರು 120 ಮಿಲಿಗ್ರಾಂ, ಅಂದರೆ ಹತ್ತರಷ್ಟು. ಸ್ಯೂಡೊಮೊನಾಸ್‌ನಂಥ ರೋಗಾಣುಗಳ ಹೊರಪೊರೆಯನ್ನು ಬಿಗಿಯಾಗಿ ಹಿಡಿದಿರುವುದು ಇದೇ ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಮ್. ಪಾಲಿಮಿಕ್ಸಿನ್ ಮತ್ತು ಜೆಂಟಾಮೈಸಿನ್‌ನಂಥ ಔಷಧಗಳು ಅವನ್ನು ತಳ್ಳಿ ಒಳಹೊಕ್ಕುವುದರಿಂದ, ಸುತ್ತ ಅವು ಹೆಚ್ಚಾದಷ್ಟೂ ಔಷಧದ ಪ್ರಭಾವ ಕುಗ್ಗುತ್ತದೆ. ಸಾಲದ್ದಕ್ಕೆ ಜೆಲ್ಲನ್ನಿನ ಎಳೆಗಳೇ ಋಣ ವಿದ್ಯುದಂಶವುಳ್ಳವು. ಧನ ವಿದ್ಯುದಂಶದ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರುಸರಪಳಿ) ಒಂದು ಕಾಲೊನಿಯಿಂದ ಹೊರಟರೆ ಅದನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುವ ಸಾಧ್ಯತೆ ಇದೆ. ಹೀಗಾಗಿ ಉಂಗುರ ಮೂಡದ ಕಾಲೊನಿಯನ್ನು ಎಸೆದವರು ಬೆಲೆಬಾಳುವುದನ್ನೇ ಎಸೆದಿರಬಹುದು.

ಇದು ಕೇವಲ ಊಹೆಯ ಆತಂಕವಲ್ಲ, ಬಿಸಿ ನೆಲೆಯ ಜೀವಿಗಳಲ್ಲಿ ಪೆಪ್ಟೈಡ್‌ಗಳೇ ಆಶೆ ಹುಟ್ಟಿಸಿರುವ ವಸ್ತುಗಳು. ಜಿಯೋಬ್ಯಾಸಿಲಸ್ ಥರ್ಮೋಡಿನೈಟ್ರಿಫಿಕನ್ಸ್ ಎಂಬ ಉಷ್ಣಪ್ರಿಯ ಬ್ಯಾಕ್ಟೀರಿಯದ ಜೀನೋಮ್ ಓದಿ 2012ರಲ್ಲಿ ಪತ್ತೆ ಮಾಡಿದ ಜಿಯೋಬ್ಯಾಸಿಲಿನ್ ಅಂಥದ್ದು. ಚೀಸ್ ಉತ್ಪನ್ನಗಳನ್ನು ಕೆಡದಂತೆ ಇಡಲು ಬಳಸುವ ನೈಸಿನ್‌ನ ಸಂಬಂಧಿಯಾದ ಅದು, ತಟಸ್ಥ ಪಿಎಚ್‌ನಲ್ಲಿ ನೈಸಿನ್‌ಗಿಂತ ಹೆಚ್ಚು ಸ್ಥಿರ.

ನಾನು ಈಗ ಅನುಸರಿಸುವ ಕ್ರಮದಲ್ಲಿ ಜೆಲ್ಲನ್‌ನ ಕೆಲಸ ಕಾಲೊನಿಯನ್ನು ಬೇರ್ಪಡಿಸುವುದಕ್ಕೆ ಮುಗಿಯುತ್ತದೆ. ಅಲ್ಲಿಂದ ದ್ರವ ಮಾಧ್ಯಮದಲ್ಲಿ ಬೆಳೆಸಿ, ಜೀವಕೋಶಗಳನ್ನು ತೆಗೆದ ತಿಳಿಯನ್ನು ಸಾಮಾನ್ಯ ಅಗರ್ ತಟ್ಟೆಯ ಗುಳಿಗಳಿಗೆ ಹಾಕಿ ಪರೀಕ್ಷಿಸುತ್ತೇನೆ. ಘನ ಮೇಲ್ಮೈಯಲ್ಲಿ ಮಾತ್ರ ಮದ್ದು ಸ್ರವಿಸುವ ಜೀವಿಗಳಿಗಾಗಿ ಕಾಲೊನಿ ಸಮೇತ ಒಂದು ತುಣುಕು ಜೆಲ್ಲನ್ ಕೊರೆದು ಅಗರ್ ಮೇಲೆ ಇಡುವುದುಂಟು. ಜೊತೆಗೆ ಹೋಲಿಕೆಗೆಂದು ಬರಿಯ ಜೆಲ್ಲನ್ ತುಣುಕನ್ನೂ ಇಡದಿದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ. ಸಲ್ಫೋಲೋಬಸ್‌ನಂಥ ಆಮ್ಲಪ್ರಿಯ ಆರ್ಕಿಯಗಳ (ಬ್ಯಾಕ್ಟೀರಿಯಗಳಿಂದ ಬೇರೆಯಾದ ಏಕಕೋಶ ಜೀವಿಗಳ) ಮಾತು ಬೇರೆ. ಅವು ಸ್ರವಿಸುವ ಸಲ್ಫೋಲೋಬಿಸಿನ್‌ಗಳು ಕೊಲ್ಲುವುದು ತಮ್ಮ ಹತ್ತಿರದ ಸಂಬಂಧಿಗಳನ್ನೇ ಆದ್ದರಿಂದ, ಪರೀಕ್ಷೆಯೂ 75 ಡಿಗ್ರಿಗೆ ಮೀರಿದ ಬಿಸಿಯಲ್ಲಿ, ಪಿಎಚ್ 3ರ ಆಸುಪಾಸಿನಲ್ಲಿ ನಡೆಯಬೇಕು. ಅಲ್ಲಿ ಅಗರ್‌ಗೆ ಜಾಗವೇ ಇಲ್ಲ, ಜೆಲ್ಲನ್‌ನ ದೋಷಗಳೊಡನೆ ಹೊಂದಿಕೊಳ್ಳುವುದು ಅನಿವಾರ್ಯ.

ಕೊಳ್ಳುವವರಿಗೆ ಒಂದು ಮಾತು. ಜೆಲ್ಲನ್‌ನಲ್ಲಿ ಎರಡು ಬಗೆ ಇವೆ: ಅಸೈಲ್ ಎಂಬ ರಾಸಾಯನಿಕ ಗುಂಪು ಕಡಿಮೆ ಇರುವುದು ಗಟ್ಟಿಯಾಗಿ, ತಿಳಿಯಾಗಿ ನಿಲ್ಲುತ್ತದೆ, ಹೆಚ್ಚಿರುವುದು ಮಬ್ಬಾಗಿ, ರಬ್ಬರಿನಂತೆ ಬಳುಕುತ್ತದೆ ಮತ್ತು 70ರಿಂದ 80 ಡಿಗ್ರಿಯಲ್ಲಿ ಕರಗುತ್ತದೆ. ಸಿಹಿತಿಂಡಿ, ಪಾನೀಯಗಳಿಗೆ ಬಳಸುವ ಎರಡನೆಯ ಬಗೆಯನ್ನು ಒಬ್ಬ ಮಾರಾಟಗಾರರು ಬರಿಯ ‘ಜೆಲ್ಲನ್’ ಎಂಬ ಚೀಟಿ ಅಂಟಿಸಿ ಕಳಿಸಿದ್ದರಿಂದ, ದೂರದಿಂದ ತಂದ ಬುಗ್ಗೆಯ ಮಾದರಿಯ ಇಪ್ಪತ್ತು ತಟ್ಟೆಗಳು ಒಂದೇ ರಾತ್ರಿಯಲ್ಲಿ ನನಗೆ ಗಂಜಿಯಾದವು. ಕಡಿಮೆ ಅಸೈಲ್‌ನ ಪುಡಿಯೇ ಬೇಕೆಂದು ಲಿಖಿತವಾಗಿ ಕೇಳಿ. ಹೊಸ ಪೊಟ್ಟಣ ಒಡೆದಾಗಲೆಲ್ಲ ಮಾದರಿಯನ್ನು ಮುಟ್ಟುವ ಮೊದಲು ಒಂದು ಖಾಲಿ ತಟ್ಟೆಯನ್ನು ನೀವು ಬಳಸುವಷ್ಟೇ ಬಿಸಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಓರೆಯಾಗಿಸಿ ನೋಡಿ.