ಹಗುರ ರೈಫಲ್ ಕೊಳ್ಳುವ ಮುನ್ನ ತೂಕವನ್ನು ಎಲ್ಲಿಂದ ಇಳಿಸಿದ್ದಾರೆಂದು ನೋಡಿ

ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಶಿಕಾರಿಗೆಂದು ನಾನು ಕೊಂಡ ಎರಡೂವರೆ ಕಿಲೋ ತೂಕದ ಬೋಲ್ಟ್ ಆ್ಯಕ್ಷನ್ (ಪ್ರತಿ ಈಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತೋಟೆ ತುಂಬುವ) ರೈಫಲ್, ಗುರಿ ಅಭ್ಯಾಸದ ಮೈದಾನದಲ್ಲಿ ಹೊಂದಿಸಿದ ಗುರಿಯನ್ನು ಕಾಡಿನಲ್ಲಿ ಉಳಿಸಿಕೊಳ್ಳದೆ, ಒಂದು ಪ್ರಾಣಿಯನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ನರಳಿಸಿತು. ದೋಷವೆಲ್ಲಿದೆಯೆಂದು ಕಂಡುಕೊಳ್ಳಲು ನನಗೆ ಚಳಿಗಾಲವೆಲ್ಲ ಬೇಕಾಯಿತು. ಕೊಡಗು, ಮಲೆನಾಡಿನ ಕಡೆಯಿಂದ ಬಂದು ಇಲ್ಲಿ ನೆಲೆಸಿ, ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ಬಳಿಕ ನಿಂತುಹೋದ ಶಿಕಾರಿಯನ್ನು ಇಲ್ಲಿ ಕಾನೂನುಬದ್ಧವಾಗಿ ಕೈಗೊಳ್ಳಬಹುದೆಂದು ಉತ್ಸಾಹದಿಂದ ಅಂಗಡಿಗೆ ಹೋಗುವ ನಮ್ಮವರು ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಇಂಥ ಹಗುರ ರೈಫಲ್‌ಗಳ ಮೇಲೆಯೇ ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಇದೇ ರೀತಿಯ ಸ್ಟಾಕ್ (ನಳಿಗೆಯನ್ನು ಹೊತ್ತು ಹೆಗಲಿಗೆ ಆನುವ ಕಟ್ಟು) ಹಾಕಿ ಮಾರುವವರು ಒಬ್ಬರಲ್ಲ. ಹೆಸರನ್ನು ನೋಡಿ ತಪ್ಪಿಸಿಕೊಳ್ಳುವುದಕ್ಕಿಂತ ಗುಣವನ್ನು ನೋಡಿ ತಪ್ಪಿಸಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಗುರ ರೈಫಲ್ ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ಹತ್ತು ಸಾವಿರ ಅಡಿ ಎತ್ತರದಲ್ಲಿ, ಉಸಿರು ಸಾಲದ ಗಾಳಿಯಲ್ಲಿ, ಬೆನ್ನಿಗೆ ಗಂಟು ಹೊತ್ತು ಬೆಳಗಿನಿಂದ ಸಂಜೆಯವರೆಗೆ ಏರಿಳಿಯುವವನಿಗೆ ಒಂದು ಕಿಲೋ ಉಳಿದರೂ ದೊಡ್ಡ ಮಾತೇ. ಮರದ ಸ್ಟಾಕ್, ಸ್ಕೋಪ್ ಎಂಬ ಗುರಿದುರ್ಬೀನು ಎಲ್ಲ ಸೇರಿ ನಾಲ್ಕು ಕಿಲೋ ಸುಮಾರಿಗೆ ನಿಲ್ಲುವ ಹಳೆಯ ಬಗೆಯ ರೈಫಲ್‌ಗೆ ಹೋಲಿಸಿದರೆ ನನ್ನದು ಸ್ಕೋಪ್ ಸೇರಿ ಮೂರು ಕಿಲೋ ಇತ್ತು. ತೋಟೆ 1906ರಿಂದಲೂ ಬಳಕೆಯಲ್ಲಿರುವ .30-06, ಎಲ್ಕ್‌ಗೆ ಸಾಕಷ್ಟು ಬಲವುಳ್ಳದ್ದು. ನಳಿಗೆ ಬೆರಳಿನಷ್ಟು ಸಪೂರ, ಬೋಲ್ಟ್‌ನ ಮೈಯಲ್ಲಿ ಗೀರು ತೆಗೆದು ತೂಕ ಇಳಿಸಿದ್ದರು, ಸ್ಟಾಕ್ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್. ಮುಂಭಾಗ ಒಳಗೆ ಟೊಳ್ಳು, ಅಡ್ಡಡ್ಡಕ್ಕೆ ನಾಲ್ಕಾರು ತೆಳು ಪಟ್ಟಿಗಳಷ್ಟೇ ಅದರ ಬಲ.

ಕೈಪಿಡಿಯಲ್ಲಿ ಹೇಳಿದಂತೆ, ಮೈದಾನದಲ್ಲಿ ಮೇಜಿನ ಮೇಲೆ ಮರಳು ಚೀಲವಿಟ್ಟು, ತೋಟೆ ಕೂರುವ ಭಾಗಕ್ಕೆ ಹತ್ತಿರವಾಗಿ ಸ್ಟಾಕಿಗೆ ಆಸರೆ ಕೊಟ್ಟು ಗುರಿ ಹೊಂದಿಸಿದ್ದೆ. ನೂರು ಗಜದಲ್ಲಿ ಮೂರು ಗುಂಡುಗಳು ಒಂದು ಇಂಚಿನೊಳಗೆ ಬಿದ್ದವು. ಕಂಪನಿಯ ಭರವಸೆಯೂ ಅಷ್ಟೇ ಇತ್ತು. ನವೆಂಬರಿನ ಹಿಮದಲ್ಲಿ ಸುಮಾರು 230 ಗಜ ದೂರದಲ್ಲಿ ಅಡ್ಡವಾಗಿ ನಿಂತ ಹೆಣ್ಣು ಎಲ್ಕ್ ಕಂಡಾಗ ಮಲಗಿ, ಸ್ಟಾಕಿನ ತುದಿಗೆ ಕಟ್ಟಿದ್ದ ಬೈಪಾಡ್ ಎಂಬ ಎರಡು ಕಾಲಿನ ಆಸರೆಯ ಮೇಲೆ ಭಾರ ಬಿಟ್ಟು, ಭುಜದ ಹಿಂದೆ ಎದೆಯ ನಡುಮಟ್ಟಕ್ಕೆ ಗುರಿಯಿಟ್ಟು ಈಡು ಹೊಡೆದೆ. ಪ್ರಾಣಿ ನಿಂತಲ್ಲೇ ಕುಸಿಯಿತು. ಆದರೆ ಮರುಕ್ಷಣ ಎದ್ದು ಮರಗಳ ಮರೆಗೆ ಸರಿಯಿತು. ಬೆನ್ನುಮೂಳೆಯ ಮೇಲಿನ ಎಲುಬಿನ ಏಣಿಗೆ ಗುಂಡು ತಗುಲಿದಾಗ ಹೀಗಾಗುತ್ತದೆ; ಪೆಟ್ಟಿನ ಅದುರಿಗೆ ಪ್ರಾಣಿ ಬೀಳುತ್ತದೆ, ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಹಿಮವಿದ್ದುದರಿಂದ ಮಾತ್ರ ಜಾಡು ಹಿಡಿದು ಹೋಗಲು ಸಾಧ್ಯವಾಯಿತು. ಬೆಳಕು ಮಂಕಾಗುವ ಹೊತ್ತಿಗೆ ಹತ್ತಿರದಿಂದ ಎರಡನೆಯ ಈಡಿನಲ್ಲಿ ಅದರ ಸಂಕಟ ಮುಗಿಯಿತು. ಸುಲಿಯುವಾಗ ನೋಡಿದರೆ ಮೊದಲ ಗುಂಡು ಗುರಿಯಿಟ್ಟ ಜಾಗಕ್ಕಿಂತ ಗೇಣಿನಷ್ಟು ಮೇಲೆ ಹಾದಿತ್ತು. ಹಿಮ ಇಲ್ಲದ ಅಕ್ಟೋಬರಿನ ಒಣನೆಲವಾಗಿದ್ದರೆ ಆ ಪ್ರಾಣಿ ನನಗೆ ಸಿಗುತ್ತಿರಲಿಲ್ಲ, ಎಲ್ಲೋ ದಿನಗಟ್ಟಲೆ ನರಳಿ ಸಾಯುತ್ತಿತ್ತು.

ಸ್ಕೋಪ್ ಸಡಿಲಾಗಿರಬಹುದೆಂದು ಮೊದಲು ಅದರ ತಿರುಪುಗಳನ್ನೂ, ಬಳಿಕ ಲೋಹದ ಭಾಗವನ್ನು ಸ್ಟಾಕಿಗೆ ಬಿಗಿಯುವ ತಿರುಪುಗಳನ್ನೂ ಅಳತೆಯ ಪಾನಾದಿಂದ ನೋಡಿಸಿದೆ. ಎಲ್ಲವೂ ಸರಿಯಿದ್ದವು. ಮರಳು ಚೀಲದ ಮೇಲೆ ಹೊಡೆದರೆ ಗುಂಡು ಹಿಂದಿನಂತೆಯೇ ಬೀಳುತ್ತಿತ್ತು. ಬೈಪಾಡಿನ ಕಾಲುಗಳನ್ನು ಬಿಡಿಸಿ ಅದರ ಮೇಲೆ ಭಾರ ಬಿಟ್ಟು ಮಲಗಿದಾಗ ನೂರು ಗಜದಲ್ಲಿಯೇ ಮೂರು ಇಂಚು ಮೇಲಕ್ಕೆ, ತುಸು ಬಲಕ್ಕೆ ಹೋಯಿತು. ಮತ್ತೆ ಮತ್ತೆ ಅಲ್ಲಿಗೇ ಹೋಯಿತು. 230 ಗಜಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು ಏಳು ಇಂಚು. ಕಾರಣ ತಿಳಿಯಲು ಒಂದು ಡಾಲರ್ ನೋಟು ಸಾಕಾಯಿತು. ರೈಫಲ್ ಸುಮ್ಮನೆ ಮೇಜಿನ ಮೇಲಿದ್ದಾಗ ನಳಿಗೆಗೂ ಸ್ಟಾಕಿಗೂ ನಡುವೆ ನೋಟು ಸಲೀಸಾಗಿ ಹಾದುಹೋಗುತ್ತಿತ್ತು. ಬೈಪಾಡಿನ ಮೇಲೆ ನಿಲ್ಲಿಸಿ ಹೆಗಲಿನಿಂದ ಒತ್ತು ಕೊಟ್ಟೊಡನೆ ಸಿಕ್ಕಿಬೀಳುತ್ತಿತ್ತು. ಅಂದರೆ ಟೊಳ್ಳಾದ ಮುಂಭಾಗ ಮೇಲಕ್ಕೆ ಬಾಗಿ ನಳಿಗೆಯನ್ನು ಕೆಳಗಿನಿಂದ ತಳ್ಳುತ್ತಿತ್ತು. ಗುಂಡು ಹಾರುವಾಗ ನಳಿಗೆ ಕಂಪಿಸುತ್ತದೆ. ಆ ಕಂಪನ ಪ್ರತಿಬಾರಿ ಒಂದೇ ರೀತಿಯಲ್ಲಿದ್ದರೆ ಗುಂಡು ಒಂದೇ ಕಡೆ ಹೋಗುತ್ತದೆ, ಕೆಳಗಿನಿಂದ ಏನಾದರೂ ತಾಗಿದರೆ ಮೇಲಕ್ಕೆ ಹೋಗುತ್ತದೆ. ಸಪೂರ ನಳಿಗೆಗೆ ಈ ತಳ್ಳುವಿಕೆ ಇನ್ನೂ ಹೆಚ್ಚು ತಟ್ಟುತ್ತದೆ.

ಸಪೂರ ನಳಿಗೆ ಬೇಗ ಬಿಸಿಯಾಗುವುದೂ, ಮೂರನೆಯ ನಾಲ್ಕನೆಯ ಗುಂಡು ಅಲ್ಲಿಂದಿಲ್ಲಿಗೆ ಸರಿಯುವುದೂ ನಿಜ. ನನ್ನದರಲ್ಲೂ ಅದಿತ್ತು. ಅದನ್ನು ನಾನು ದೋಷವೆಂದು ದೂರುವುದಿಲ್ಲ, ಏಕೆಂದರೆ ಶಿಕಾರಿಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿರುವ ನಳಿಗೆಯ ಮೊದಲ ಗುಂಡು. ಆದರೆ ಆ ಮೊದಲ ಗುಂಡೇ ಆಸರೆ ಬದಲಾದಂತೆ ಜಾಗ ಬದಲಿಸುವ ರೈಫಲ್ ಶಿಕಾರಿಗೆ ಯೋಗ್ಯವಲ್ಲ.

ಕಂಪನಿಗೆ ಬರೆದು, ಗುರಿಹಾಳೆಗಳ ಚಿತ್ರಗಳನ್ನೂ ಕಳಿಸಿದೆ. ರೈಫಲನ್ನು ತರಿಸಿಕೊಂಡು, ಮೇಜಿನ ಮೇಲೆ ಮೂರು ಗುಂಡು ಹೊಡೆದು, ಒಂದು ಇಂಚಿನೊಳಗೆ ಬಿದ್ದ ಹಾಳೆಯನ್ನು ಜತೆಗಿಟ್ಟು, ಎಲ್ಲವೂ ಮಿತಿಯೊಳಗಿದೆ ಎಂದು ವಾಪಸು ಕಳಿಸಿದರು. ಅವರ ಜಾಹೀರಾತಿನ ಚಿತ್ರದಲ್ಲಿ ರೈಫಲ್ ನಿಂತಿರುವುದು ಬೈಪಾಡಿನ ಮೇಲೆಯೇ, ಅದನ್ನು ಕಟ್ಟುವ ಗುಬಟನ್ನು ಸ್ಟಾಕಿನ ತುದಿಯಲ್ಲಿ ಕೂರಿಸಿ ಕೊಟ್ಟವರೂ ಅವರೇ. ಹೀಗಿದ್ದೂ ಆ ಸ್ಥಿತಿಯಲ್ಲಿ ಒಂದು ಗುಂಡನ್ನೂ ಪರೀಕ್ಷಿಸದೆ ಮಿತಿಯ ಮಾತಾಡುವುದು ಗ್ರಾಹಕನಿಗೂ ಪ್ರಾಣಿಗೂ ಮಾಡುವ ಅನ್ಯಾಯವೆಂದೇ ನಾನು ಹೇಳುತ್ತೇನೆ. ಅಂಗಡಿಯವರು ಒಮ್ಮೆ ಗುಂಡು ಹಾರಿದ ಮೇಲೆ ಅದು ಬಳಸಿದ ಮಾಲೆಂದು ಹಿಂದಕ್ಕೆ ಪಡೆಯಲಿಲ್ಲ.

ಒದೆತದ, ಅಂದರೆ ಗುಂಡು ಹಾರಿದಾಗ ರೈಫಲ್ ಹೆಗಲಿಗೆ ಕೊಡುವ ಹಿಂದೊತ್ತಿನ, ವಿಷಯವನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದೇ ತೋಟೆಗೆ ಒದೆತದ ಶಕ್ತಿ ರೈಫಲ್ಲಿನ ತೂಕಕ್ಕೆ ವಿಲೋಮವಾಗಿರುತ್ತದೆ. ನಾಲ್ಕು ಕಿಲೋದಿಂದ ಮೂರಕ್ಕೆ ಇಳಿದರೆ ಒದೆತ ಮೂರನೆಯ ಒಂದು ಪಾಲು ಏರುತ್ತದೆ. 180 ಗ್ರೇನ್ (ಸುಮಾರು 12 ಗ್ರಾಂ) ತೂಕದ ಗುಂಡಿನ .30-06ಕ್ಕೆ ಅದು ಸುಮಾರು 24 ಜೂಲ್‌ನಿಂದ 32 ಜೂಲ್. ಅಭ್ಯಾಸಕ್ಕೆಂದು ಹತ್ತಿಪ್ಪತ್ತು ತೋಟೆ ಹೊಡೆಯುವಷ್ಟರಲ್ಲಿ ಟ್ರಿಗರ್ ಮುಟ್ಟಿದೊಡನೆ ಹೆಗಲು ತಾನಾಗಿ ಹಿಂಜರಿಯಲು ತೊಡಗುತ್ತದೆ, ಸ್ಕೋಪ್ ಹುಬ್ಬಿಗೆ ಹತ್ತಿರವಿದ್ದರೆ ಗಾಯವೂ ಆಗುತ್ತದೆ. ಇದಕ್ಕೆ ಪರಿಹಾರವೆಂದು ನಳಿಗೆಯ ತುದಿಗೆ ಹಾಕುವ, ಸಿಡಿತದ ಅನಿಲವನ್ನು ಬದಿಗೆ ಹೊರಳಿಸುವ ಬ್ರೇಕ್ ಮಾರುತ್ತಾರೆ. ಅದು ಒದೆತವನ್ನು ನಿಜಕ್ಕೂ ತಗ್ಗಿಸುತ್ತದೆ, ಆದರೆ ಶಬ್ದವನ್ನು ಹೊಡೆಯುವವನ ಕಿವಿಯತ್ತಲೇ ತಿರುಗಿಸುತ್ತದೆ. ರೈಫಲ್ಲಿನ ಸದ್ದು ಬ್ರೇಕ್ ಇಲ್ಲದೆಯೇ ಕಿವಿಗೆ ಅಪಾಯದ ಮಿತಿಯಾದ 140 ಡೆಸಿಬಲ್ಲನ್ನು ಮೀರಿರುತ್ತದೆ. ಕಾಡಿನಲ್ಲಿ ಕಿವಿ ಮುಚ್ಚಿಕೊಳ್ಳದೆ ಬ್ರೇಕ್ ಇರುವ ರೈಫಲ್ ಹೊಡೆಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ಇನ್ನೊಂದು ಸಣ್ಣ ಸಂಗತಿ: ನನ್ನ ರೈಫಲ್ಲಿನ ಸುರಕ್ಷಾ ಕೀಲಿ ಹಾಕಿದ್ದರೂ ಬೋಲ್ಟ್ ಬಂಧವಾಗುತ್ತಿರಲಿಲ್ಲ, ಚೀಲದ ಪಟ್ಟಿಗೆ ಸಿಕ್ಕಿ ಅದರ ಹಿಡಿ ತಾನಾಗಿ ಮೇಲೆದ್ದಿರುವುದನ್ನು ಕಂಡಿದ್ದೇನೆ. ಪೊದೆಗಳಲ್ಲಿ ನುಸುಳುವವರು ಕೀಲಿ ಹಾಕಿದಾಗ ಬೋಲ್ಟನ್ನೂ ಹಿಡಿದಿಡುವ ವ್ಯವಸ್ಥೆಯನ್ನೇ ಆರಿಸಲಿ.

ಹಗುರ ಎಂದರೆ ಬಾಗುವುದೇ ಎಂದುಕೊಳ್ಳಬೇಕಾಗಿಲ್ಲ. 1980ರ ದಶಕದಲ್ಲಿಯೇ ವೆಸ್ಟ್ ವರ್ಜೀನಿಯಾದ ರೈಫಲ್ ತಯಾರಕ ಮೆಲ್ವಿನ್ ಫೋರ್ಬ್ಸ್ ಕೆವ್ಲಾರ್ ಎಂಬ ಗಟ್ಟಿ ಕೃತಕ ನಾರು ಮತ್ತು ಕಾರ್ಬನ್ ನಾರಿನ ಸ್ಟಾಕ್ ಮಾಡಿ, ನಳಿಗೆಯ ಉದ್ದಕ್ಕೂ ಅದನ್ನು ಕೂರಿಸಿ, ಎರಡೂಕಾಲು ಕಿಲೋ ಸುಮಾರಿನ ರೈಫಲ್ ಕಟ್ಟಿ ತೋರಿಸಿದ್ದರು. ಅಲ್ಲಿ ತೂಕ ಇಳಿದದ್ದು ಗಟ್ಟಿತನವನ್ನು ಬಿಟ್ಟುಕೊಟ್ಟಲ್ಲ. ಅಂಥ ಸ್ಟಾಕ್ ಕೈಯಿಂದ ಪದರ ಪದರವಾಗಿ ಮಾಡಬೇಕಾದ್ದರಿಂದ ದುಬಾರಿ. ಅಚ್ಚಿನ ಪ್ಲಾಸ್ಟಿಕ್ ಅಗ್ಗ. ಬೆಲೆ ಪಟ್ಟಿಯಲ್ಲಿ ಇವೆರಡೂ ಒಂದೇ ತೂಕವೆಂದು ಕಾಣುತ್ತವೆ, ಆದ್ದರಿಂದಲೇ ಮೋಸಹೋಗುವುದು.

ಅಂಗಡಿಯಲ್ಲಿಯೇ ನೋಡಬಹುದಾದ ಪರೀಕ್ಷೆ ಸುಲಭ. ರೈಫಲ್ ಖಾಲಿಯಿದೆಯೆಂದು ಬೋಲ್ಟ್ ತೆಗೆದು ಖಚಿತಪಡಿಸಿಕೊಂಡು, ಸ್ಟಾಕಿನ ತುದಿಯನ್ನೂ ನಳಿಗೆಯನ್ನೂ ಒಂದೇ ಕೈಯಲ್ಲಿ ಹಿಡಿದು ಹಿಚುಕಿ. ನಡುವಿನ ಸಂದು ಮುಚ್ಚಿದರೆ ಆ ರೈಫಲ್ಲನ್ನು ಅಲ್ಲಿಯೇ ಇಟ್ಟು ಬನ್ನಿ. ಮಾರುವವರು ಇದನ್ನು ಇಷ್ಟಪಡದಿದ್ದರೂ ಬಿಡಬೇಡಿ. ವೀಸಾದ ಮೇಲಿರುವವರು ಇದಕ್ಕೂ ಮುಂಚೆ ಕಾನೂನನ್ನು ನೋಡಿಕೊಳ್ಳಲಿ: ಎಚ್-1ಬಿಯಂಥ ವೀಸಾದಲ್ಲಿರುವವರು ಇಲ್ಲಿನ ಕೇಂದ್ರ ಕಾನೂನಿನಂತೆ ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ, ಚಾಲ್ತಿಯಲ್ಲಿರುವ ಶಿಕಾರಿ ಪರವಾನಗಿ ಆ ನಿಷೇಧಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು.

ನನ್ನ ರೈಫಲ್‌ಗೆ ಕೊನೆಗೆ ಬೇರೆ ತಯಾರಕರ ಕಾರ್ಬನ್ ನಾರಿನ ಸ್ಟಾಕ್ ಹಾಕಿಸಿದೆ. ಏಳುನೂರು ಡಾಲರ್ ಹೆಚ್ಚಾಯಿತು, ತೂಕ ಹೆಚ್ಚೇನೂ ಏರಲಿಲ್ಲ, ಮರಳು ಚೀಲ, ಬೈಪಾಡ್, ಬೆನ್ನಚೀಲ ಯಾವುದರ ಮೇಲಿಟ್ಟರೂ ಗುಂಡು ಈಗ ಒಂದೇ ಕಡೆ ಬೀಳುತ್ತಿದೆ. ಈಗಾಗಲೇ ಅಂಥ ಪ್ಲಾಸ್ಟಿಕ್ ಸ್ಟಾಕಿನ ರೈಫಲ್ ಇರುವವರು ಅಕ್ಟೋಬರಿನ ಮೊದಲ ರೈಫಲ್ ಋತು ಬರುವುದಕ್ಕೆ ಮುಂಚೆ, ಮೈದಾನಗಳು ತುಂಬಿಹೋಗುವ ಮುನ್ನ, ತಣ್ಣನೆಯ ನಳಿಗೆಯಿಂದ ಒಂದೊಂದು ಆಸರೆಯ ಮೇಲೆ ಒಂದೊಂದು ಗುಂಡು ಹೊಡೆದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಗುರುತುಗಳು ಬೇರೆ ಬೇರೆ ಕಡೆ ಬಿದ್ದರೆ ಆ ವರ್ಷಕ್ಕೆ ಸ್ನೇಹಿತರ ಭಾರದ ರೈಫಲ್ ಕೇಳಿ ಪಡೆದುಕೊಂಡು ಹೋಗಿ.