ಸಿದ್ಧ ಸೈಕಲ್ಲೋ, ಬಿಡಿಭಾಗಗಳಿಂದ ಕಟ್ಟಿದ್ದೋ: ಮಲೆನಾಡಿನ ಕೆಸರಿನಲ್ಲಿ ಒಂದು ಹೋಲಿಕೆ

ಮುಂದೆಯೂ ಹಿಂದೆಯೂ ಸಸ್ಪೆನ್ಷನ್ ಇರುವ ಮೌಂಟನ್ ಬೈಕುಗಳಲ್ಲಿ ನಾನು ಎರಡನ್ನು ಬಳಸಿದ್ದೇನೆ. ಮೊದಲನೆಯದು ಪೂರ್ತಿ ಜೋಡಿಸಿಯೇ ಮಾರುವ ಅಲ್ಯೂಮಿನಿಯಂ ಸೈಕಲ್. ಅದನ್ನು ಬೆಂಗಳೂರಿನಿಂದ ತಂದದ್ದು. ಎರಡನೆಯದು ಕಾರ್ಬನ್ ಫ್ರೇಮೊಂದನ್ನು ತರಿಸಿಕೊಂಡು, ಉಳಿದ ಭಾಗಗಳನ್ನು ಒಂದೊಂದಾಗಿ ಕೂಡಿಸಿ, ಮನೆಯ ಕಾಫಿ ಗೋದಾಮಿನ ಮೂಲೆಯಲ್ಲಿ ನಾನೇ ಕಟ್ಟಿಕೊಂಡದ್ದು. ನನ್ನ ಒಲವು ಎರಡನೆಯದರ ಕಡೆಗೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಮುಖ್ಯ ಕಾರಣ ಕ್ರ್ಯಾಂಕಿನ (ಪೆಡಲ್ ಕೂರುವ ತೋಳುಗಳ) ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ ಎಂಬ, ಯಾವ ಜಾಹೀರಾತಿನಲ್ಲೂ ಕಾಣಿಸದ ಭಾಗ.

ನಾನು ಸೈಕಲ್ ಓಡಿಸುವುದು ಹೆಚ್ಚಾಗಿ ಆಲ್ದೂರು ಸುತ್ತಿನ ಪರಿಚಿತರ ತೋಟದ ದಾರಿಗಳಲ್ಲಿ. ಬಿಡುವಾದಾಗ ಕೈಮರದಿಂದ ಬಾಬಾಬುಡನ್‌ಗಿರಿಯ ಕಡೆಗೆ ಏರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತೋಟದ ದಾರಿಗಳು ಜೀಪಿನ ಚಕ್ರದ ಜಾಡಿನುದ್ದಕ್ಕೂ ನೀರು ಹರಿಯುವ ಕೆಂಪು ಕೆಸರಿನ ಕಾಲುವೆಗಳಾಗುತ್ತವೆ, ಅದರ ಮೇಲೆ ಕೊಳೆತ ಸಿಲ್ವರ್ ಓಕ್ ಎಲೆಗಳ ಪದರ ಬೇರೆ. ಇಲ್ಲಿ ಓಡಾಡುವ ಸೈಕಲ್ಲಿನ ಬೇರಿಂಗುಗಳಿಗೆ ನೀರು ಹೋಗಿಯೇ ಹೋಗುತ್ತದೆ. ಹೋದ ಮೇಲೆ ಅವನ್ನು ಮನೆಯಲ್ಲೇ ಬದಲಾಯಿಸಲು ಆಗುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಸಿದ್ಧ ಸೈಕಲ್ಲಿನ ಫ್ರೇಮಿನಲ್ಲಿದ್ದದ್ದು ಬಿಬಿ92 ಎಂಬ ಪ್ರೆಸ್-ಫಿಟ್ ವ್ಯವಸ್ಥೆ. ಇದರಲ್ಲಿ ಫ್ರೇಮಿಗೆ ಥ್ರೆಡ್ ಇರುವುದಿಲ್ಲ, 41 ಮಿ.ಮೀ. ಒಳವ್ಯಾಸದ ನುಣುಪಾದ ರಂಧ್ರಕ್ಕೆ, ಬೇರಿಂಗ್ ಒಳಗೊಂಡ, ಬಟ್ಟಲಿನಾಕಾರದ ಪ್ಲಾಸ್ಟಿಕ್ ಕಪ್ಪುಗಳನ್ನು ಎರಡೂ ಕಡೆಯಿಂದ ಒತ್ತಿ ಕೂರಿಸುತ್ತಾರೆ. ಥ್ರೆಡ್ ಕೊರೆಯುವ ಕೆಲಸ ತಪ್ಪುವುದರಿಂದಲೂ, ಷೆಲ್ (ಬಾಟಮ್ ಬ್ರಾಕೆಟ್ ಕೂರುವ ಫ್ರೇಮಿನ ಅಡ್ಡ ಕೊಳವೆ) ಅಗಲವಾಗಿ ಅದರ ಸುತ್ತ ದಪ್ಪ ಕೊಳವೆಗಳನ್ನು ಜೋಡಿಸಲು ಜಾಗ ಸಿಗುವುದರಿಂದಲೂ ತಯಾರಕರಿಗೆ ಇದು ಬಹಳ ಅನುಕೂಲ. ಆದರೆ ಆ ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ, ಅಥವಾ ಎಡಬಲದ ರಂಧ್ರಗಳು ಒಂದೇ ನೇರದಲ್ಲಿ ಇಲ್ಲದಿದ್ದರೂ, ತುಳಿದಾಗಲೆಲ್ಲ ಕಪ್ಪು ತನ್ನ ಜಾಗದಲ್ಲೇ ಅಲುಗುತ್ತದೆ. ನನ್ನ ಸೈಕಲ್ಲಿನಲ್ಲಿ ಆದದ್ದೂ ಅದೇ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ, ಬಲಗಾಲು ಕೆಳಗಿಳಿದಾಗಲೆಲ್ಲ ಒಂದು ಒಣ 'ಕಿಟಕ್' ಸದ್ದು ಕೇಳತೊಡಗಿತು.

ಈ ಸದ್ದಿನ ಮೂಲ ಹುಡುಕುವುದೇ ಒಂದು ದೊಡ್ಡ ಕಿರಿಕಿರಿ, ಏಕೆಂದರೆ ಫ್ರೇಮಿನ ಟೊಳ್ಳಿನಲ್ಲಿ ಸದ್ದು ಅಲೆದಾಡುತ್ತದೆ, ಸೀಟಿನ ಕೆಳಗಿನಿಂದ ಬಂದಂತೆ ಕೇಳಿದ್ದು ವಾಸ್ತವದಲ್ಲಿ ಕ್ರ್ಯಾಂಕಿನ ಬಳಿಯದ್ದಾಗಿರಬಹುದು. ಎದ್ದು ನಿಂತು ತುಳಿದಾಗಲೂ ಸದ್ದು ನಿಲ್ಲಲಿಲ್ಲವಾದ್ದರಿಂದ ಸೀಟನ್ನು ಕೈಬಿಟ್ಟೆ. ಪೆಡಲ್ ಬದಲಿಸಿದೆ, ಚೈನ್‌ರಿಂಗಿನ ಬೋಲ್ಟುಗಳನ್ನು ಬಿಚ್ಚಿ ಗ್ರೀಸ್ ಹಚ್ಚಿದೆ, ಹಿಂದಿನ ಸಸ್ಪೆನ್ಷನ್ನಿನ ಪಿವೋಟುಗಳನ್ನು ಒಂದೊಂದಾಗಿ ಒರೆಸಿ ಮತ್ತೆ ಬಿಗಿ ಮಾಡಿದೆ. ಉಳಿದದ್ದು ಬಾಟಮ್ ಬ್ರಾಕೆಟ್ ಒಂದೇ. ಅದನ್ನು ಒಳಗಿನಿಂದ ಬಡಿದು ಹೊರಗೆ ತೆಗೆಯಬೇಕು, ತೆಗೆಯುವಾಗ ಪ್ಲಾಸ್ಟಿಕ್ ಕಪ್ಪು ಹಾಳಾಗುವುದೇ ಹೆಚ್ಚು, ಹೊಸದನ್ನು ಕೂರಿಸಲು ಬೇರಿಂಗ್ ಪ್ರೆಸ್ ಬೇಕು. ಅಂಗಡಿಯವರು ಬೇರಿಂಗ್ ಸವೆಯುವ ಭಾಗವಾದ್ದರಿಂದ ವಾರಂಟಿ ಬಾರದೆಂದರು; ಸೈಕಲ್ಲನ್ನು ಬೆಂಗಳೂರಿಗೆ ತಂದರೆ ನೋಡಿಕೊಡುವುದಾಗಿ ಹೇಳಿದರು.

ಕೊನೆಗೆ ಪೇಟೆಯ ಲೇತ್ ಅಂಗಡಿಯ ಮೇಸ್ತ್ರಿಯೊಬ್ಬರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬುಷ್ ಕಡೆಯುವ ಕೆಲಸವನ್ನು ಬದಿಗಿಟ್ಟು, ಉದ್ದನೆಯ ಥ್ರೆಡ್ ರಾಡಿಗೆ ಎರಡು ಬುಷ್, ನಟ್ಟು, ದಪ್ಪ ವಾಷರು ಸೇರಿಸಿ ಒಂದು ಪ್ರೆಸ್ ಮಾಡಿಕೊಟ್ಟರು. ಫ್ರೇಮಿನ ರಂಧ್ರದೊಳಗೆ ಬೆರಳಾಡಿಸಿ ಅವರು ಕೇಳಿದ್ದು ಇಷ್ಟು: "ಸಾರ್, ಇದಕ್ಕೆ ಥ್ರೆಡ್ಡೇ ಇಲ್ವಲ್ಲ, ಹಿಡ್ಕೊಳ್ಳೋದು ಯಾವುದು?" ಹೊಸ ಕಪ್ಪುಗಳು ಬೇಸಿಗೆಯಿಡೀ ಮೌನವಾಗಿದ್ದವು. ಮುಂದಿನ ಆರ್ದ್ರಾ ಮಳೆ ಹಿಡಿದುಕೊಂಡ ಮೇಲೆ ಸದ್ದು ಮರಳಿತು. ಬೇರಿಂಗ್ ಹಿಡಿದಿಡುವ ಅಂಟುದ್ರವ ಹಾಕಿದಾಗ ಸ್ವಲ್ಪ ಕಾಲ ಅಡಗಿ ಪುನಃ ಶುರುವಾಯಿತು.

ಕಟ್ಟಿಕೊಂಡ ಸೈಕಲ್ಲಿಗೆ ಫ್ರೇಮ್ ಆರಿಸುವಾಗ ಬಣ್ಣ, ಬ್ರಾಂಡು ಯಾವುದನ್ನೂ ನೋಡದೆ ಮೊದಲು ನೋಡಿದ್ದು 73 ಮಿ.ಮೀ. ಅಗಲದ, ಥ್ರೆಡ್ ಇರುವ ಬಿಎಸ್‌ಎ ಷೆಲ್ ಇದೆಯೇ ಎಂಬುದನ್ನು. ಇದರಲ್ಲಿ ಕಾರ್ಬನ್ನಿನೊಳಗೆ ಥ್ರೆಡ್ ಇರುವ ಲೋಹದ ಕೊಳವೆಯನ್ನು ಅಂಟಿಸಿರುತ್ತಾರೆ, ಕಪ್ಪುಗಳು ಅದಕ್ಕೆ ತಿರುಗಿಸಿ ಕೂರುತ್ತವೆ. ಬಲಗಡೆಯ ಕಪ್ಪಿಗೆ ಎಡಸುತ್ತಿನ ಥ್ರೆಡ್ ಎಂಬುದನ್ನು ನೆನಪಿಟ್ಟುಕೊಂಡರೆ ಆಯಿತು. ಶಿಮಾನೋದ 24 ಮಿ.ಮೀ. ಅಚ್ಚಿನ ಕ್ರ್ಯಾಂಕಿನಲ್ಲಿ ಎಡಗಡೆಯ ತೋಳಿನ ಎರಡು ಬೋಲ್ಟುಗಳನ್ನು ಸರದಿಯಂತೆ ಸಡಿಲಿಸಿ, ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ತೆಗೆದು, ಅಚ್ಚನ್ನು ಬಲಕ್ಕೆ ಎಳೆದರೆ ಎಲ್ಲವೂ ಕೈಗೆ ಬರುತ್ತದೆ. ಕಪ್ ಸ್ಪ್ಯಾನರ್ ಒಂದಿದ್ದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಪ್ಪುಗಳನ್ನು ಬಿಚ್ಚಿ, ಒರೆಸಿ, ಗ್ರೀಸ್ ತುಂಬಿ ಮತ್ತೆ ಬಿಗಿ ಮಾಡಬಹುದು. ಮಳೆಗಾಲದಲ್ಲಿ ಬೇರಿಂಗ್ ಇದರಲ್ಲೂ ಸವೆಯುತ್ತದೆ, ಆದರೆ ಕಿಟಕ್ ಎನ್ನುವುದಿಲ್ಲ.

ಸಿದ್ಧ ಸೈಕಲ್ಲಿಗೆ ಸಲ್ಲಬೇಕಾದ ಮಾತನ್ನೂ ಹೇಳಬೇಕು. ಅದರ ಹಿಂದಿನ ಷಾಕನ್ನು ಫ್ರೇಮಿನ ಲಿಂಕೇಜಿಗೆ (ಹಿಂಚಕ್ರವನ್ನು ಷಾಕಿಗೆ ಜೋಡಿಸುವ ಸನ್ನೆಗಳಿಗೆ) ತಕ್ಕಂತೆ ಕಾರ್ಖಾನೆಯಲ್ಲೇ ಹದ ಮಾಡಿರುತ್ತಾರೆ. ಗಾಳಿ ತುಂಬಿ ಹೊರಟರೆ ಮುಗಿಯಿತು. ನಾನು ಕಟ್ಟಿದ ಫ್ರೇಮಿಗೆ 210 ಮಿ.ಮೀ. ಉದ್ದ, 50 ಮಿ.ಮೀ. ಸ್ಟ್ರೋಕಿನ (ಕುಗ್ಗುವ ದೂರದ) ಷಾಕ್ ಬೇಕಿತ್ತು. ಅಳತೆ ಸರಿಯಾದರೂ ಎರಡು ತುದಿಯ ಬುಷಿಂಗುಗಳ ಅಗಲವನ್ನು ಬೇರೆಯಾಗಿ ಅಳೆದು ತರಿಸಬೇಕಾಯಿತು, ಸವಾರ ಕುಳಿತಾಗ 15 ಮಿ.ಮೀ. ಇಳಿಯುವ ಗಾಳಿಯ ಒತ್ತಡ ಕಂಡುಕೊಂಡ ಮೇಲೂ ರಿಬೌಂಡ್ (ಕುಗ್ಗಿದ ಷಾಕ್ ಮರಳಿ ಚಾಚುವ ವೇಗ) ಹದಕ್ಕೆ ಬರಲು ಬಹಳ ದಿನ ಹಿಡಿಯಿತು. ಗೇರಿನಲ್ಲಿಯೂ ಸಿದ್ಧ ಸೈಕಲ್ಲಿನ 11-50 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರುಹಲ್ಲುಗಳ ಗುಚ್ಛ) ಹಳೆಯ ಮಾದರಿಯ ಎಚ್‌ಜಿ ಹಬ್ಬಿಗೇ ಕೂರುತ್ತದೆ. ನನ್ನ 12 ಗೇರಿನ ಶಿಮಾನೋ ಡಿಯೋರ್ ಎಂ6100ರ 10-51 ಕ್ಯಾಸೆಟ್ಟಿಗೆ ಮೈಕ್ರೋ ಸ್ಪ್ಲೈನ್ ಎಂಬ ಬೇರೆ ಮಾದರಿಯ ಹಬ್ಬೇ ಬೇಕು. ಬ್ರೇಕು ಎರಡರಲ್ಲೂ ಮಿನರಲ್ ಆಯಿಲಿನವು, ಹೇಳುವಂಥ ವ್ಯತ್ಯಾಸವಿಲ್ಲ. ಕಟ್ಟುವಾಗ ಹಿಂದಿನ ಬ್ರೇಕಿನ ಹೋಸನ್ನು ಫ್ರೇಮಿನೊಳಗಿಂದ ಹಾಯಿಸುವುದಕ್ಕೆ ಒಂದು ಭಾನುವಾರ ಹೋಯಿತು: ಒಳಗೆ ದಾರಿ ತೋರುವ ನಳಿಕೆ ಇರಲಿಲ್ಲ, ಹೊಲಿಗೆ ದಾರವನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಸಿ, ಅದಕ್ಕೆ ಹೋಸನ್ನು ಕಟ್ಟಿ ಹೊರತೆಗೆಯಬೇಕಾಯಿತು.

ತೂಕದಲ್ಲಿ ಕಾರ್ಬನ್ ಹಗುರ ಎಂಬುದು ನಿಜ. ಕೈಮರದ ಏರಿನಲ್ಲಿ ನನಗಂತೂ ಗೊತ್ತಾಗುವುದಿಲ್ಲ.

ಕಾರ್ಬನ್ನಿಗೆ ಬೇರೆ ಶಿಸ್ತು ಬೇಕು. ಅಲ್ಯೂಮಿನಿಯಂ ಕೊಳವೆಗೆ ಕಲ್ಲು ಬಡಿದರೆ ತಗ್ಗು ಕಣ್ಣಿಗೆ ಬೀಳುತ್ತದೆ, ಕಾರ್ಬನ್ನಿನಲ್ಲಿ ಮೇಲ್ಪದರ ಸರಿಯಾಗಿದ್ದೂ ಒಳಪದರಗಳು ಬಿಟ್ಟುಕೊಂಡಿರಬಹುದು. ಹಾಗಾಗಿ ಸ್ಕೂಟರಿನ ಹಳೆಯ ಟ್ಯೂಬನ್ನು ಸೀಳಿ ಫ್ರೇಮಿನ ಕೆಳಗಿನ ಓರೆ ಕೊಳವೆಯಾದ ಡೌನ್‌ಟ್ಯೂಬಿನ ಅಡಿಗೆ ಅಂಟಿಸಿದ್ದೇನೆ, ಕಲ್ಲು ಬಡಿದ ದಿನ ನಾಣ್ಯದಿಂದ ತಟ್ಟಿ ಸದ್ದು ಎಲ್ಲಿಯಾದರೂ ಮಂಕಾಗುತ್ತದೆಯೇ ಎಂದು ಕೇಳುತ್ತೇನೆ. ಸೀಟ್‌ಪೋಸ್ಟಿನ ಕ್ಲ್ಯಾಂಪನ್ನು ಅಂದಾಜಿನಲ್ಲಿ ಬಿಗಿಯಬಾರದು. ನನ್ನ ಫ್ರೇಮಿನ ಮೇಲೆ 5 ಎನ್‌ಎಂ (ನ್ಯೂಟನ್-ಮೀಟರ್, ಬಿಗಿತದ ಅಳತೆ) ಎಂದು ಬರೆದಿದೆ, ಟಾರ್ಕ್ ವ್ರೆಂಚಿನ ಖರ್ಚನ್ನು ಫ್ರೇಮಿನ ಬೆಲೆಯ ಜೊತೆಗೇ ಸೇರಿಸಿಕೊಳ್ಳುವುದು ಒಳ್ಳೆಯದು.

ಹಣದ ಲೆಕ್ಕದಲ್ಲಿ ಸಿದ್ಧ ಸೈಕಲ್ಲೇ ಅಗ್ಗ. ಅಷ್ಟೇ ಗುಣಮಟ್ಟದ ಭಾಗಗಳನ್ನು ಬಿಡಿಯಾಗಿ ಕೊಂಡು, ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಕಟ್ಟಿದಾಗ ಖರ್ಚು ಹೆಚ್ಚೇ ಆಯಿತು. ಆದರೆ ಸಿದ್ಧ ಸೈಕಲ್ಲಿಗೆ ಎರಡು ಲಕ್ಷಕ್ಕೂ ಮೇಲ್ಪಟ್ಟ ಹಣವನ್ನು ಒಂದೇ ದಿನ ಎಣಿಸಿಕೊಡಬೇಕಾಯಿತು. ಕಟ್ಟಿದ್ದಕ್ಕೆ ಹಾಗಲ್ಲ: ಕಾಫಿ ಬಿಲ್ಲು ಬಂದಾಗ ಫ್ರೇಮು, ಕಾಳುಮೆಣಸು ಮಾರಿದಾಗ ಫೋರ್ಕು, ಮಧ್ಯೆ ಕೈಯಾಡಿದಾಗಲೆಲ್ಲ ಸಣ್ಣಪುಟ್ಟವು. ವರ್ಷಕ್ಕೊಮ್ಮೆ ಆದಾಯ ಕಾಣುವ ನನ್ನಂಥ ಸಣ್ಣ ಬೆಳೆಗಾರನಿಗೆ ಇದೇ ಹೊಂದುತ್ತದೆ. ಸಂಜೆ ಹೊತ್ತು ಸ್ಪ್ಯಾನರ್ ಹಿಡಿದು ಕೂರುವುದರಲ್ಲಿ ನನಗೆ ಬೇಸರವೂ ಇಲ್ಲ.

ಹಾಸನದಲ್ಲಿರುವ ನನ್ನ ಭಾವನಿಗೆ ಮಾತ್ರ ಸಿದ್ಧ ಸೈಕಲ್ಲನ್ನೇ ಕೊಳ್ಳಲು ಹೇಳಿದ್ದೇನೆ. ಅವರು ಓಡಿಸುವುದು ಮಳೆ ನಿಂತ ಮೇಲೆ, ಸಕಲೇಶಪುರದ ಕಡೆಗೆ, ಭಾನುವಾರಗಳಲ್ಲಿ. ಚೈನಿಗೆ ಎಣ್ಣೆ ಬಿಡುವುದಕ್ಕಿಂತ ಹೆಚ್ಚಿನದನ್ನು ಅವರು ಮಾಡುವವರಲ್ಲ. ಈಗ ಹಲವು ಕಂಪನಿಗಳು ಥ್ರೆಡ್ ಇರುವ ಷೆಲ್ಲಿಗೆ ಮರಳಿರುವುದರಿಂದ ಆಯ್ಕೆಗೆ ಕೊರತೆಯಿಲ್ಲ. ಅವರು ಮೆಚ್ಚಿದ ಮೊದಲ ಮಾದರಿ ಪ್ರೆಸ್-ಫಿಟ್ ಆಗಿತ್ತು, ಬೇಡವೆಂದೆ. ಎರಡನೆಯದರ ವಿವರಪಟ್ಟಿಯಲ್ಲಿ ಬಿಎಸ್‌ಎ 73 ಎಂದಿತ್ತು, ಅದಕ್ಕೆ ಮುಂಗಡ ಕೊಟ್ಟಿದ್ದಾರೆ.